ಸ್ನಾನದ ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟ ಬಣ್ಣ: ದುರಸ್ತಿ ಮತ್ತು ಮರುಲೇಪನ ಕುರಿತು ವಸತಿಗೃಹ ನಿವಾಸಿಗಳಿಗೆ ಮಾಹಿತಿ

ಸರ್ಕಾರಿ ವಸತಿಗೃಹಗಳ ನಿವಾಸಿಗಳು ದುರಸ್ತಿ ಕೋರಿ ಸಲ್ಲಿಸುವ ಅರ್ಜಿಗಳಲ್ಲಿ "ಸ್ನಾನದ ಮನೆಯ ಬಣ್ಣ ಬಿರುಕು ಬಿಟ್ಟಿರುತ್ತದೆ, ಬಣ್ಣ ಹಚ್ಚಿಸಿಕೊಡಬೇಕಾಗಿ ವಿನಂತಿ" ಎಂಬ ಒಂದೇ ಸಾಲಿನ ಅರ್ಜಿಗಳು ಬಹಳ. ಇಂತಹ ಅರ್ಜಿಯ ಮೇಲೆ ಬಣ್ಣದ ಕೆಲಸಕ್ಕೆ ಮಾತ್ರ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬೀಳುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಬಿರುಕು ಮತ್ತೆ ಕಾಣಿಸಿಕೊಳ್ಳುತ್ತದೆ. ನಿವಾಸಿಗಳು ಎರಡನೆಯ ಅರ್ಜಿ ಬರೆಯುತ್ತಾರೆ. ಇದರಲ್ಲಿ ಬಣ್ಣದ ತಪ್ಪು ಕಡಿಮೆ. ಸ್ನಾನದ ಮನೆಯ ಬಣ್ಣ ಕೆಡುವುದು ಸಾಮಾನ್ಯವಾಗಿ ನೀರಿನಿಂದ. ಆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ತಿಳಿಯದೆ ಹಚ್ಚಿದ ಬಣ್ಣಕ್ಕೆ ಬಾಳಿಕೆಯಿಲ್ಲ. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ನಿವಾಸಿಗಳು ತಾವೇ ಗಮನಿಸಬಹುದಾದ ಅಂಶಗಳನ್ನೂ, ದುರಸ್ತಿ ನಡೆಯಬೇಕಾದ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಸ್ವಂತ ಮನೆಯುಳ್ಳವರಿಗೂ ಇದು ಉಪಯುಕ್ತವಾಗಬಹುದು.

ಬಿರುಕನ್ನು ಓದುವ ಬಗೆ

ಬಣ್ಣದ ಪದರವು ಎಲ್ಲ ಕಡೆ ಒಂದೇ ರೀತಿಯಲ್ಲಿ ಕೆಡುವುದಿಲ್ಲ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಒಡೆದಂತೆ ಚಿಕ್ಕ ಚಿಕ್ಕ ಚೌಕಗಳಾಗಿ ಬಿರಿದಿದ್ದರೆ, ಹಳೆಯ ಎಣ್ಣೆಬಣ್ಣದ ಮೇಲೆ ಪದರದ ಮೇಲೆ ಪದರ ಹಚ್ಚಿರುವುದು, ಅಥವಾ ಕೆಳಗಿನ ಪದರ ಒಣಗುವ ಮೊದಲೇ ಮೇಲಿನದನ್ನು ಹಚ್ಚಿರುವುದು ಕಾರಣವಾಗಿರಬಹುದು. ಇಂತಹ ಸಂದರ್ಭದಲ್ಲಿ ಗೋಡೆ ಗಟ್ಟಿಯಾಗಿಯೇ ಇರುವ ಸಾಧ್ಯತೆಯುಂಟು. ಬಣ್ಣವು ಹಪ್ಪಳದಂತೆ ಉಬ್ಬಿ, ಒತ್ತಿದರೆ ಒಡೆಯುವಂತಿದ್ದರೆ ಅದರ ಹಿಂದೆ ನೀರಿದೆಯೆಂದು ತಿಳಿಯಬೇಕು. ಕಳಚಿದ ಚೂರಿನ ಹಿಂಬದಿಯಲ್ಲಿ ಬಿಳಿಯ ಪುಡಿ ಅಂಟಿಕೊಂಡಿದ್ದರೆ, ಹಿಂದೆ ಹೊಡೆದ ಸುಣ್ಣವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಎಮಲ್ಷನ್ ಅಥವಾ ಡಿಸ್ಟೆಂಪರ್ ಹಚ್ಚಿರುವುದು ಸ್ಪಷ್ಟ. ಸುಣ್ಣದ ಪದರವು ಪುಡಿಯಾಗುವ ಸ್ವಭಾವದ್ದಾದ ಕಾರಣ ಮೇಲಿನ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ.

ಗೋಡೆಯ ಮೇಲೆ ಹತ್ತಿಯಂತೆ ಬೆಳೆದು ನಿಂತ ಬಿಳಿಯ ಉಪ್ಪು ಬೇರೆಯೇ ಸಂಗತಿ. ಇಟ್ಟಿಗೆ, ಮರಳು, ಸಿಮೆಂಟ್ ಹಾಗೂ ನೀರಿನಲ್ಲಿರುವ ಲವಣಗಳು ತೇವದೊಡನೆ ಹೊರಬಂದು, ತೇವ ಆರಿದಾಗ ಮೇಲ್ಮೈಯಲ್ಲಿ ಉಳಿಯುತ್ತವೆ. ಗಡಸು ನೀರಿನ ಕೊಳವೆಬಾವಿಗಳನ್ನು ಅವಲಂಬಿಸಿರುವ ಊರುಗಳಲ್ಲಿ ಇದು ಪರಿಚಿತ ದೃಶ್ಯ. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಇಳಿಯುತ್ತದೆಯೇ ಹೊರತು ಹೋಗುವುದಿಲ್ಲ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯತಕ್ಕದ್ದು.

ಇನ್ನು, ಬಿರುಕು ಬಣ್ಣದ್ದೋ ಗಾರೆಯದ್ದೋ ಎಂಬುದನ್ನು ನಿರ್ಧರಿಸಬೇಕು. ಬಿರುಕಿನ ಅಕ್ಕಪಕ್ಕದಲ್ಲಿ ಮರದ ಹಿಡಿಯಿಂದ ಮೆಲ್ಲಗೆ ಬಡಿದಾಗ ಟೊಳ್ಳು ಶಬ್ದ ಬಂದರೆ ಗಾರೆಯೇ ಗೋಡೆಯನ್ನು ಬಿಟ್ಟಿದೆ. ತೊಲೆ ಹಾಗೂ ಇಟ್ಟಿಗೆ ಗೋಡೆ ಸೇರುವಲ್ಲಿ ನೇರವಾಗಿ ಓಡುವ ಗೆರೆಯು ಎರಡು ಸಾಮಗ್ರಿಗಳು ಬಿಸಿಲು-ಚಳಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಉಂಟಾಗುತ್ತದೆ. ಇಟ್ಟಿಗೆಯ ಸಂದುಗಳನ್ನು ಅನುಸರಿಸಿ ಮೆಟ್ಟಿಲಿನಂತೆ ಏರುವ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕನ್ನು ಬಣ್ಣದ ವಿಷಯವೆಂದು ಪರಿಗಣಿಸದೆ, ಎಂಜಿನಿಯರ್ ಅವರ ಪರಿಶೀಲನೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

ನೀರು ಎಲ್ಲಿಂದ ಬರುತ್ತಿದೆ?

ಇದೇ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ದುಬಾರಿ ಉಪಕರಣಗಳು ಬೇಕಿಲ್ಲ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೆಟ್ಟ ಭಾಗದ ಮೇಲಿಟ್ಟು, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ, ಒಂದು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ನೀರಿನ ಹನಿಗಳು ಕಂಡರೆ ತೇವವು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿ ಕಟ್ಟಿದ್ದರೆ ಅದು ಬಿಸಿನೀರಿನ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು.

ಹಬೆಯೇ ಕಾರಣವಾಗಿದ್ದಲ್ಲಿ ಪರಿಹಾರ ಸುಲಭ. ಅನೇಕ ವಸತಿಗೃಹಗಳಲ್ಲಿ ಸ್ನಾನದ ಮನೆಯ ಗವಾಕ್ಷಿಯನ್ನು ಹಳೆಯ ದಿನಪತ್ರಿಕೆಯಿಂದಲೋ ರಟ್ಟಿನಿಂದಲೋ ಮುಚ್ಚಿರುವುದು ಕಂಡುಬರುತ್ತದೆ. ಮರೆಯ ದೃಷ್ಟಿಯಿಂದ ಇದು ಅರ್ಥವಾಗುವಂತಹುದೇ. ಆದರೆ ಒಳಗಿನ ಹಬೆ ಹೊರಹೋಗಲು ಇರುವ ದಾರಿ ಅದೊಂದೇ. ಮಸುಕು ಗಾಜಿನ ಪಟ್ಟಿಗಳನ್ನು ಓರೆಯಾಗಿ ಅಳವಡಿಸಿದರೆ ಮರೆಯೂ ಉಳಿಯುತ್ತದೆ, ಗಾಳಿಯೂ ಆಡುತ್ತದೆ. ಹೊರಗೋಡೆಯಿಲ್ಲದ ಸ್ನಾನದ ಮನೆಗೆ ಗಾಳಿ ಹೊರದೂಡುವ ಫ್ಯಾನ್ ಅಗತ್ಯ. ಸ್ನಾನ ಮುಗಿದ ನಂತರವೂ ಕನ್ನಡಿಯ ಮಬ್ಬು ಹೋಗುವವರೆಗೆ ಅದು ಓಡುತ್ತಿರಬೇಕು.

ಗೋಡೆಯೊಳಗಿನಿಂದಲೇ ತೇವ ಬರುತ್ತಿದ್ದರೆ ಅದು ಯಾವಾಗ ಹೆಚ್ಚಾಗುತ್ತದೆ ಎಂಬುದನ್ನು ಒಂದೆರಡು ವಾರ ಗಮನಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ತೇವವಾಗಿ ಫೆಬ್ರುವರಿಯ ಹೊತ್ತಿಗೆ ಒಣಗುವ ಗೋಡೆಗೆ ಹೊರಗಿನಿಂದ, ಅಥವಾ ಮೇಲ್ಮಹಡಿಯಾಗಿದ್ದರೆ ತಾರಸಿಯಿಂದ, ನೀರು ಬರುತ್ತಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ, ಅದರಲ್ಲೂ ಮುರಕಲ್ಲಿನ ಗೋಡೆಗಳಲ್ಲಿ, ಒಳಗಿನ ಬಣ್ಣ ಕೆಡಲು ಹೊರಗಿನ ಗಾರೆಯ ಬಿರುಕೇ ಸಾಕು. ಮುರಕಲ್ಲು ರಂಧ್ರಗಳುಳ್ಳ ಕಲ್ಲು. ನೀರನ್ನು ಹೀರಿ ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಇಲ್ಲಿ ಒಳಗೋಡೆಗೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಪ್ರಯೋಜನವಿಲ್ಲ. ಕೆಲಸ ಹೊರಗೋಡೆಯಿಂದ ಆರಂಭವಾಗಬೇಕು.

ವರ್ಷವಿಡೀ ಒಂದೇ ಸಮನೆ ತೇವವಿದ್ದರೆ ಗೋಡೆಯೊಳಗೆ ಹುದುಗಿಸಿದ ಕೊಳವೆಯ ಮೇಲೆ ಅನುಮಾನ ಪಡಬೇಕು. ಪ್ರತ್ಯೇಕ ನೀರಿನ ಮಾಪಕವಿರುವ ಮನೆಯಲ್ಲಿ ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮಾಪಕದ ಅಂಕಿಯನ್ನು ಬರೆದಿಟ್ಟು, ಬೆಳಿಗ್ಗೆ ಹೋಲಿಸಬಹುದು. ಮಾಪಕಕ್ಕೂ ಮನೆಗೂ ನಡುವೆ ತೊಟ್ಟಿಯಿದ್ದರೆ ಅದು ತುಂಬಿದ ನಂತರವೇ ಈ ಪರೀಕ್ಷೆ ಮಾಡಬೇಕು. ಸಾಮೂಹಿಕ ಮೇಲ್ತೊಟ್ಟಿಯಿಂದ ನೀರು ಬರುವ ವಸತಿಗೃಹಗಳಲ್ಲಿ ಮನೆಯೊಳಗಿನ ವಾಲ್ವನ್ನು ಎರಡು-ಮೂರು ದಿನ ಬಳಕೆಯ ಸಮಯ ಬಿಟ್ಟು ಉಳಿದ ವೇಳೆ ಮುಚ್ಚಿಟ್ಟು, ಕಲೆ ಕುಗ್ಗುತ್ತದೆಯೇ ಎಂದು ನೋಡಬೇಕು. ಗೀಸರ್ ಅಥವಾ ಸೋಲಾರ್ ಬಿಸಿನೀರು ಬಳಸಿದಾಗ ಮಾತ್ರ ಕಲೆ ಹಿಗ್ಗಿದರೆ ದೋಷ ಬಿಸಿನೀರಿನ ಕೊಳವೆಯ ಕೀಲಿನಲ್ಲಿದೆ.

ಛಾವಣಿಯಲ್ಲಿ ಕಂದು ಬಣ್ಣದ ಉಂಗುರದಂತಹ ಕಲೆಯಿದ್ದು ಮೇಲೆ ಇನ್ನೊಬ್ಬರ ಸ್ನಾನದ ಮನೆಯಿದ್ದರೆ, ಅವರ ಸಹಕಾರ ಪಡೆಯಬೇಕಾಗುತ್ತದೆ. ಮೇಲಿನ ಮನೆಯ ನೀರು ಹೊರಹೋಗುವ ಜಾಲಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಟ್ಟಾಗ ಕೆಳಗಿನ ಕಲೆ ಹಿಗ್ಗಿದರೆ ನೆಲದಲ್ಲಿ ಸೋರಿಕೆ ಇದೆ. ಹಿಗ್ಗದಿದ್ದರೆ ಜಾಲಿಯ ಕೆಳಗಿನ ಕೊಳವೆಯನ್ನು ನೋಡಬೇಕು. ಬಹುಮಹಡಿ ಕಟ್ಟಡಗಳಲ್ಲಿ ಕೊಳವೆಗಳಿಗೆ ಜಾಗ ಮಾಡಲು ಸ್ನಾನದ ಮನೆಯ ಸ್ಲ್ಯಾಬನ್ನು ತಗ್ಗಿಸಿ ಕಟ್ಟಿ, ಆ ತಗ್ಗನ್ನು ಇಟ್ಟಿಗೆ ಚೂರುಗಳಿಂದ ತುಂಬಿರುತ್ತಾರೆ. ಟೈಲ್ಸ್ ಸಂದಿನ ಸಿಮೆಂಟ್ ಉದುರಿ ಇಳಿದ ನೀರು ಆ ತಗ್ಗಿನಲ್ಲಿ ಕೊಳದಂತೆ ನಿಂತು, ತಿಂಗಳುಗಟ್ಟಲೆ ಕೆಳಗೆ ಜಿನುಗುತ್ತಿರುತ್ತದೆ. ಹೀಗಾಗಿ ಮೇಲಿನ ಮನೆಯಲ್ಲಿ ಸೋರಿಕೆ ನಿಲ್ಲಿಸಿದ ಮರುದಿನವೇ ಕೆಳಗಿನ ಛಾವಣಿ ಒಣಗಲೆಂದು ನಿರೀಕ್ಷಿಸಬಾರದು. ಮೇಲಿನ ಮತ್ತು ಕೆಳಗಿನ ಮನೆಯವರ ನಡುವೆ ಈ ವಿಷಯದಲ್ಲಿ ಮನಸ್ತಾಪ ಬೆಳೆಯುವುದುಂಟು. ಕಾಣದ ಸೋರಿಕೆಗೆ ಮೇಲಿನವರ ಅಜಾಗ್ರತೆ ಕಾರಣವಲ್ಲದಿರಬಹುದು. ಇಬ್ಬರೂ ಒಂದೇ ಅರ್ಜಿಗೆ ಸಹಿ ಮಾಡಿ ಸಲ್ಲಿಸಿದಲ್ಲಿ ಎರಡೂ ಮನೆಗಳನ್ನು ಒಂದೇ ಭೇಟಿಯಲ್ಲಿ ಪರಿಶೀಲಿಸಲು ಅನುಕೂಲವಾಗುತ್ತದೆ.

ತಡಮಾಡದೆ ತಿಳಿಸಬೇಕಾದ ಸಂದರ್ಭಗಳು

ಛಾವಣಿಯ ಬಿರುಕಿನಲ್ಲಿ ತುಕ್ಕಿನ ಕೆಂಪು ಗೆರೆ ಕಾಣಿಸಿದರೆ, ಅಥವಾ ಗಾರೆ ಉದುರಿ ಕಂಬಿ ಹೊರಬಿದ್ದಿದ್ದರೆ, ಅದರ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಕೂಡಲೇ ಕಚೇರಿಗೆ ತಿಳಿಸತಕ್ಕದ್ದು. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಸಡಿಲಗೊಂಡ ಚಕ್ಕೆ ಯಾವ ಗಳಿಗೆಯಲ್ಲಾದರೂ ಬೀಳಬಹುದು. ಅಂತಹ ಛಾವಣಿಗೆ ಪುಟ್ಟಿ ಮೆತ್ತಿ ಬಣ್ಣ ಹಚ್ಚಿದರೆ ಅಪಾಯ ಮರೆಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಾಡಿಗೆಗೆ ಮನೆ ನೋಡುವವರು ಹೊಸದಾಗಿ ಬಣ್ಣ ಕಂಡ ಸ್ನಾನದ ಮನೆಯ ಛಾವಣಿಯನ್ನು ಒಮ್ಮೆ ತಟ್ಟಿ ನೋಡುವುದು ಇದೇ ಕಾರಣಕ್ಕೆ ಲೇಸು.

ಎರಡನೆಯದು ವಿದ್ಯುತ್. ತೇವದ ಕಲೆಯು ಸ್ವಿಚ್, ಗೀಸರ್ ಅಥವಾ ದೀಪದ ಬುಡದವರೆಗೆ ಹರಡಿದ್ದರೆ, ಅಥವಾ ಗೋಡೆಯನ್ನೋ ನಲ್ಲಿಯನ್ನೋ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ, ಒದ್ದೆ ಕೈಯಿಂದ ಸ್ವಿಚ್ ಮುಟ್ಟದೆ ಮನೆಯ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು. ಕಟ್ಟಡ ಮತ್ತು ವಿದ್ಯುತ್ ಕೆಲಸಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ಶಾಖೆಗಳು ನೋಡಿಕೊಳ್ಳುವುದರಿಂದ, ಅರ್ಜಿಯಲ್ಲಿ ಎರಡನ್ನೂ ಸ್ಪಷ್ಟವಾಗಿ ನಮೂದಿಸಬೇಕು.

ದುರಸ್ತಿಯ ಕ್ರಮ

ಸೋರಿಕೆ ನಿಂತ ನಂತರ ಗೋಡೆ ಒಣಗಲು ಅವಕಾಶ ಕೊಡಬೇಕು. ಕೆಲಸಗಳಲ್ಲಿ ಹೆಚ್ಚಾಗಿ ಕೈಬಿಡಲಾಗುವ ಹಂತ ಇದೇ. ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಒಳಮೈ ಒಣಗಿದ್ದರೆ ಮಾತ್ರ ಮುಂದುವರಿಯತಕ್ಕದ್ದು. ಸುತ್ತಲಿನ ಸಡಿಲ ಬಣ್ಣವನ್ನು ಕೆರೆಯುವ ಪಟ್ಟಿಯಿಂದ ಗಟ್ಟಿ ಅಂಚು ಸಿಗುವವರೆಗೆ ತೆಗೆಯಬೇಕು. ಬಿರುಕಿನ ಆಚೆಗೂ ಬಣ್ಣದ ಹಿಡಿತ ಹೇಗಿದೆಯೆಂದು ತಿಳಿಯಲು, ಬ್ಲೇಡಿನಿಂದ ಅಡ್ಡಡ್ಡ ಎರಡು ಗೀರು ಹಾಕಿ ಅಂಟುಪಟ್ಟಿ ಒತ್ತಿ ಒಮ್ಮೆಲೇ ಕಿತ್ತು ನೋಡಬಹುದು. ಪಟ್ಟಿಯೊಡನೆ ಬಣ್ಣವೂ ಬಂದರೆ ಅಲ್ಲಿಯೂ ಕೆರೆಯಲೇಬೇಕು. ಸುಣ್ಣದ ಪದರವಿದ್ದಲ್ಲಿ ಅಂಗೈಗೆ ಬಿಳುಪು ಹತ್ತದಿರುವವರೆಗೆ ತೆಗೆಯಬೇಕು.

ಕಪ್ಪು ಚುಕ್ಕೆಗಳಾಗಿ ಕಾಣುವ ಬೂಷ್ಟನ್ನು ಕೆರೆಯುವುದಕ್ಕೂ ಮೊದಲೇ ಕೊಲ್ಲುವುದು ಉಚಿತ. ಒಣಗಿದ್ದಾಗ ಕೆರೆದರೆ ಅದರ ಕಣಗಳು ಗಾಳಿಯಲ್ಲಿ ಹರಡಿ ಉಬ್ಬಸವುಳ್ಳವರಿಗೆ ತೊಂದರೆಯಾಗುತ್ತದೆ. ಮನೆಬಳಕೆಯ ದ್ರವರೂಪದ ಬ್ಲೀಚ್ 1 ಪಾಲಿಗೆ 16 ಪಾಲು ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆದು ಒಣಗಿಸಬೇಕು. ಬಾಗಿಲು, ಗವಾಕ್ಷಿ ತೆರೆದಿರಲಿ. ಬ್ಲೀಚನ್ನಾಗಲಿ ಬ್ಲೀಚಿಂಗ್ ಪುಡಿಯನ್ನಾಗಲಿ ಶೌಚಾಲಯ ತೊಳೆಯುವ ಆ್ಯಸಿಡ್‌ನೊಂದಿಗೆ ಯಾವ ಕಾರಣಕ್ಕೂ ಸೇರಿಸಕೂಡದು. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಚಿಕ್ಕ ಸ್ನಾನದ ಮನೆಯಲ್ಲಿ ಇದು ಪ್ರಾಣಾಪಾಯಕ್ಕೆ ದಾರಿಯಾಗಬಹುದು.

ಕೂದಲೆಳೆಯಂತಹ ಬಿರುಕಿನ ಮೇಲೆ ಪುಟ್ಟಿ ಎಳೆದುಬಿಡುವುದು ರೂಢಿಯಲ್ಲಿದೆ. ಪುಟ್ಟಿ ಒಳಕ್ಕೆ ಇಳಿಯದೆ ಮೇಲೆಯೇ ಸೇತುವೆಯಂತೆ ನಿಂತು ಮತ್ತೆ ಒಡೆಯುತ್ತದೆ. ಬಿರುಕನ್ನು ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಸ್ವಲ್ಪ ಅಗಲಗೊಳಿಸಿ, ಧೂಳು ತೆಗೆದು, ಆಮೇಲೆ ತುಂಬಬೇಕು. ಸಿಮೆಂಟ್ ಪುಟ್ಟಿಯನ್ನು ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ದಪ್ಪವಾಗಿ ಹಚ್ಚಬಾರದು. ಆಳವಾದ ಬಿರುಕಿಗೂ ಟೊಳ್ಳಾದ ಭಾಗಕ್ಕೂ ಪುಟ್ಟಿ ಸಲ್ಲದು. ಟೊಳ್ಳು ಗಾರೆಯನ್ನು ಒಡೆದು ತೆಗೆದು, ಗೋಡೆ ನೆನೆಸಿ, ಸಿಮೆಂಟ್ ಮತ್ತು ಮರಳಿನ ಹೊಸ ಗಾರೆ ಹಾಕಿ, ಏಳು ದಿನ ನೀರುಣಿಸಬೇಕು. ತೊಲೆ ಮತ್ತು ಗೋಡೆಯ ಸಂದಿನಲ್ಲಿ ಗಾರೆಗೆ ಮೊದಲು ಕೋಳಿಬಲೆಯ ತಂತಿಜಾಲರಿಯನ್ನು ಮೊಳೆ ಹೊಡೆದು ಕೂರಿಸುವುದು ಅವಶ್ಯ. ಹೊಸ ಗಾರೆಯಲ್ಲಿ ಕ್ಷಾರವೂ ತೇವವೂ ಇರುವುದರಿಂದ ಕನಿಷ್ಠ ನಾಲ್ಕು ವಾರ ಕಳೆಯದೆ ಅದಕ್ಕೆ ಬಣ್ಣ ಹಚ್ಚಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿ ಒಂದೇ ದಿನದಲ್ಲಿ ನುಣುಪು ಮಾಡಿಕೊಡುತ್ತೇವೆಂದು ಕೆಲಸಗಾರರು ಹೇಳುವುದುಂಟು. ಅದು ಜಿಪ್ಸಂನಿಂದ ಆದದ್ದು. ನೀರು ತಾಗಿದರೆ ಮೆತ್ತಗಾಗುತ್ತದೆ. ಹಜಾರಕ್ಕೆ ಒಪ್ಪಬಹುದು, ಸ್ನಾನದ ಮನೆಗೆ ಖಂಡಿತ ಬೇಡ.

ಪುಟ್ಟಿ ಒಣಗಿದ ಬಳಿಕ ಎಮರಿ ಕಾಗದದಿಂದ ಉಜ್ಜಿ, ಧೂಳು ಒರೆಸಿ, ಸಿಮೆಂಟ್ ಪ್ರೈಮರ್ ಒಂದು ಕೋಟ್ ಹಚ್ಚಬೇಕು. ಹಳೆಯ ಎಣ್ಣೆಬಣ್ಣ ಗಟ್ಟಿಯಾಗಿ ಉಳಿದಿರುವ ಭಾಗದಲ್ಲಿ ಹೊಳಪು ಹೋಗುವವರೆಗೆ ಉಜ್ಜದಿದ್ದರೆ ನೀರು ಬೆರೆಸುವ ಬಣ್ಣ ಅಲ್ಲಿ ನಿಲ್ಲುವುದಿಲ್ಲ. ಸಾಧಾರಣ ಡಿಸ್ಟೆಂಪರ್ ಸ್ನಾನದ ಮನೆಗೆ ತಕ್ಕದ್ದಲ್ಲ. ತೊಳೆಯಬಹುದಾದ, ಬೂಷ್ಟುನಿರೋಧಕ ಗುಣವುಳ್ಳ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್ ಸಾಕಾಗುತ್ತದೆ. ಎರಡು ಕೋಟ್‌ಗಳ ನಡುವಿನ ಅಂತರವು ಡಬ್ಬಿಯ ಮೇಲೆ ಸೂಚಿಸಿದಷ್ಟಾದರೂ ಇರಲಿ. ಮೋಡದ ದಿನಗಳಲ್ಲಿ ಇನ್ನೂ ಹೆಚ್ಚು. 5 ಅಡಿಗೆ 7 ಅಡಿ ಅಳತೆಯ, 10 ಅಡಿ ಎತ್ತರದ, 7 ಅಡಿಯವರೆಗೆ ಟೈಲ್ಸ್ ಇರುವ ಕೋಣೆಯಲ್ಲಿ ಛಾವಣಿಯೂ ಸೇರಿ ಬಣ್ಣ ಬೇಕಾಗುವ ಜಾಗ ಸುಮಾರು 107 ಚದರ ಅಡಿ, ಅಂದರೆ 10 ಚದರ ಮೀಟರ್. ಲೀಟರಿಗೆ 10 ಚದರ ಮೀಟರ್ ಎಂದು ಹಿಡಿದರೆ ಎರಡು ಕೋಟಿಗೆ 2 ಲೀಟರ್ ಬಣ್ಣ ಸಾಕು.

ಸೀಸವುಳ್ಳ ಹಳೆಯ ಬಣ್ಣ

ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದಿವೆ. ಅದಕ್ಕೂ ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಹೆಚ್ಚಾಗಿರುವ ಸಾಧ್ಯತೆಯುಂಟು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಆದ್ದರಿಂದ ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜುವುದಾಗಲಿ ಸುಟ್ಟು ತೆಗೆಯುವುದಾಗಲಿ ಮಾಡದೆ, ನೀರು ಚಿಮುಕಿಸಿ ಕೆರೆಯಬೇಕು. ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಬೇಕು. ಕೆಲಸ ನಡೆಯುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡತಕ್ಕದ್ದು. ಕೆಲಸಗಾರರು ಮೂಗು-ಬಾಯಿಗೆ ಮುಖಗವಸು ಧರಿಸಬೇಕು.

ಅರ್ಜಿಯಲ್ಲಿ ನಮೂದಿಸಬೇಕಾದ ವಿವರಗಳು

ಅರ್ಜಿ ದೀರ್ಘವಾಗಿರಬೇಕಿಲ್ಲ, ಆದರೆ ತೇವದ ಸಂಗತಿ ಅದರಲ್ಲಿರಲೇಬೇಕು. ಮಾದರಿಯಾಗಿ ಹೀಗೆ ಬರೆಯಬಹುದು:

"ನಾನು ವಾಸವಿರುವ ವಸತಿಗೃಹದ ಸ್ನಾನದ ಮನೆಯ ಉತ್ತರ ಗೋಡೆಯಲ್ಲಿ, ನೆಲದಿಂದ 7 ಅಡಿ ಎತ್ತರದಲ್ಲಿ, ಸುಮಾರು 3 ಅಡಿ ಅಗಲ ಮತ್ತು 2 ಅಡಿ ಎತ್ತರದ ಭಾಗದಲ್ಲಿ ಬಣ್ಣ ಉಬ್ಬಿ ಕಳಚುತ್ತಿದೆ. ಗೋಡೆಯು ವರ್ಷವಿಡೀ ತೇವವಾಗಿರುತ್ತದೆ. ಗೀಸರ್ ಬಳಸಿದಾಗ ಕಲೆ ಹೆಚ್ಚಾಗುತ್ತದೆ. ಕಳೆದ ವರ್ಷ ಇದೇ ಭಾಗಕ್ಕೆ ಬಣ್ಣ ಹಚ್ಚಲಾಗಿತ್ತು. ಸ್ಥಳ ಪರಿಶೀಲನೆ ನಡೆಸಿ, ಮೊದಲು ತೇವದ ಮೂಲವನ್ನು ಸರಿಪಡಿಸಿ, ಗೋಡೆ ಒಣಗಿದ ನಂತರ ಬಣ್ಣ ಹಚ್ಚಿಸಿಕೊಡಬೇಕೆಂದು ಕೋರುತ್ತೇನೆ."

ವಸತಿಗೃಹದ ಸಂಖ್ಯೆ, ಮಹಡಿ, ಪರಿಶೀಲನೆಗೆ ಅನುಕೂಲವಾದ ವೇಳೆ ಹಾಗೂ ದಿನಾಂಕ ಕಾಣುವ ಛಾಯಾಚಿತ್ರಗಳನ್ನು ಲಗತ್ತಿಸುವುದು ಒಳಿತು. ಅರ್ಜಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಮಳೆಗಾಲ ಮುಗಿದ ಕೂಡಲೇ ಅರ್ಜಿ ಸಲ್ಲಿಸಿದರೆ ಸೋರಿಕೆ ದುರಸ್ತಿ, ಒಣಗುವಿಕೆ, ಬಣ್ಣ ಮೂರಕ್ಕೂ ಒಣ ತಿಂಗಳುಗಳು ಸಿಗುತ್ತವೆ. ಜೂನ್ ತಿಂಗಳಿನಲ್ಲಿ ಬಣ್ಣ ಹಚ್ಚಿಸಿಕೊಡಬೇಕೆಂದು ಒತ್ತಾಯಿಸುವುದರಿಂದ ನಿವಾಸಿಗಳಿಗೇ ನಷ್ಟ.

ಕೆಲಸ ಆರಂಭವಾದಾಗ, ಕೆಲಸಗಾರರು ಕೆರೆಯದೆ ನೇರವಾಗಿ ಹಳೆಯ ಬಣ್ಣದ ಮೇಲೆ ಕುಂಚ ಹಾಕಿದಲ್ಲಿ ಅದನ್ನು ಅಲ್ಲಿಯೇ ತಡೆದು ಕೆಲಸದ ಮೇಲ್ವಿಚಾರಣೆಯ ಎಂಜಿನಿಯರ್ ಅವರ ಗಮನಕ್ಕೆ ತರಬಹುದು. ಬಣ್ಣ ಒಣಗಿದ ನಂತರ ಅಡಿಯಲ್ಲಿ ಏನಿದೆಯೆಂದು ಹೇಳುವುದು ಕಷ್ಟ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಾಗರಿಕರು ಸಾರ್ವಜನಿಕ ಪ್ರಾಧಿಕಾರದ ಕಾಮಗಾರಿ ಹಾಗೂ ದಾಖಲೆಗಳನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನು ಹೊಂದಿರುತ್ತಾರೆ. ಅಂದಾಜುಪಟ್ಟಿಯಲ್ಲಿ ಕೆರೆಯುವಿಕೆ, ಪ್ರೈಮರ್ ಮತ್ತು ಎರಡು ಕೋಟ್ ಬಣ್ಣ ಸೇರಿವೆಯೇ ಎಂಬುದನ್ನು ಈ ಮೂಲಕ ತಿಳಿಯಬಹುದು.

ಬಣ್ಣ ಹಚ್ಚಿದ ಮೇಲೆ ಪೂರ್ಣ ಗಟ್ಟಿಯಾಗುವವರೆಗೆ ಕೆಲವು ದಿನ ಆ ಕೋಣೆಯಲ್ಲಿ ಬಿಸಿನೀರಿನ ಸ್ನಾನ ಮಾಡದೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಬಳಸಿದ ಬಣ್ಣದ ಹೆಸರು, ಛಾಯೆಯ ಸಂಖ್ಯೆ ಮತ್ತು ಹಚ್ಚಿದ ದಿನಾಂಕವನ್ನು ಬರೆದಿಟ್ಟುಕೊಂಡು, ಮನೆ ತೆರವು ಮಾಡುವಾಗ ಮುಂದಿನ ನಿವಾಸಿಗಳಿಗೆ ಹಸ್ತಾಂತರಿಸುವಂತೆ ಕೋರಲಾಗಿದೆ.